ತಂಗೂಸು

ಕೋಡಿಬಾಗದ ಪ್ರಯೋಗಶಾಲೆ, ರಾತ್ರಿ ಒಂದೂವರೆ.
ಹೆದ್ದಾರಿಯ ಲಾರಿಗಳು ತೆಳುವಾಗಲೆಂದು ಕಾದದ್ದಾಯಿತು,
ಶಿರವಾಡದ ಕಡೆ ಗೂಡ್ಸು ದಾಟಲೆಂದು ಕಾದದ್ದಾಯಿತು,
ಇನ್ನುಳಿದದ್ದು ಸಮುದ್ರ. ಅದು ಸುಮ್ಮನಾಗಲೆಂದು
ಯಾರು ಕಾದಾರು.

ಯಂತ್ರ ಕೂತಿರುವುದು ಕಲ್ಲಿನ ಹಲಗೆಯ ಮೇಲೆ,
ಹಲಗೆ ತೂಗುವುದು ನಾಲ್ಕು ರಬ್ಬರು ಹಗ್ಗದಲ್ಲಿ,
ಗಂಟುಗಳು ಪುರಸು ಮಾಮನವು.
ಬೈತಖೋಲದಿಂದ ಸೈಕಲ್ಲು ತುಳಿದು ಬಂದು,
ಚಪ್ಪಲಿ ಹೊರಗೆ ಬಿಟ್ಟು, ಸುತ್ತ ನೋಡಿ,
"ಎಂತದೇ, ತೊಟ್ಲು ಕಟ್ಟಿಸ್ತೀಯಾ? ಯಾರು ಮಲಗ್ತಾರೆ?"
ಯಾರೂ ಇಲ್ಲ ಮಾಮ. ಒಂದು ಸೂಜಿ.
ಸೂಜಿಯ ತುದಿಗೊಂದು ಅಣು ಕಟ್ಟಬೇಕು.
"ಒಂದೇ?"
ಒಂದೇ.
ಅವನು ಗಂಟನ್ನು ಇನ್ನೊಮ್ಮೆ ಬಿಗಿದ.

ಬರಿಯ ತುದಿಗೆ ಬುದ್ಧಿಯಿಲ್ಲ. ಎಲ್ಲಕ್ಕೂ ಅಂಟುತ್ತದೆ,
ಉಪ್ಪಿಗೆ, ಧೂಳಿಗೆ, ಗಾಜಿಗೆ; ಯಾರೆಂದು ಕೇಳುವುದಿಲ್ಲ.
ಅದಕ್ಕೇ ಕಣ್ಣಿಗೆ ಕಾಣದ ನೇರಿಳೆ ಬೆಳಕಿನಲ್ಲಿ
ಅರ್ಧ ಗಂಟೆ ಮೀಯಿಸುವುದು.
ಮೈಮೇಲಿನ ಚಿನ್ನ ನೂರೇ ಪರಮಾಣು ದಪ್ಪ,
ಆ ಚಿನ್ನದಲ್ಲಿ ಗಂಧಕದ ಕಾಲೂರಿ
ಗಜನಿಯಲ್ಲಿ ಕಗ್ಗದ ಪೈರು ನಿಂತ ಹಾಗೆ
ಉಪ್ಪುನೀರಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ ಅಣುಗಳು.
ನೂರಕ್ಕೆ ತೊಂಬತ್ತೊಂಬತ್ತು ಮೊಂಡು, ಕೈಯಿಲ್ಲದವು.
ಬೇಕೆಂದೇ ಹಾಗೆ.
ನೂರಕ್ಕೊಂದಕ್ಕೆ ಮಾತ್ರ ಉದ್ದನೆಯ ತಂಗೂಸು,
ನೀರಲ್ಲಿ ಸುರುಳಿ ಬಿಚ್ಚುವ, ಯಾರನ್ನೂ ಹಚ್ಚಿಕೊಳ್ಳದ ಎಳೆ.
ಎಳೆಯ ಕೊನೆಗೆ
ನೀಲಿಕಲ್ಲು ಬಂಡೆಗೆ ಕಚ್ಚಿಕೊಳ್ಳುವ ಅಂಟಿನ ಒಂದು ತುಣುಕು.
ಕೆಳಗೆ ತಟ್ಟೆಯಲ್ಲಿ ಅದರದೇ ಒಡಹುಟ್ಟು.
ನಡುವೆ ಚೂರು ಕಬ್ಬಿಣ, ಸಮುದ್ರದಲ್ಲಿ ಇರುವಷ್ಟೇ.

ಇಳಿಸು. ಮುಟ್ಟಿಸು. ಎತ್ತು.
ಪರದೆಯ ಗೆರೆ ಚಪ್ಪಟೆ.
ಇಳಿಸು, ಮುಟ್ಟಿಸು, ಎತ್ತು. ಚಪ್ಪಟೆ.
ಹತ್ತರಲ್ಲಿ ಒಂಬತ್ತು ಸಲ ಖಾಲಿ ಬರಬೇಕು,
ಇಲ್ಲವಾದರೆ ಬಂದದ್ದು ಒಂದೇ ಎಂದು ನಂಬುವ ಹಾಗಿಲ್ಲ.
ಗೊಂಚಲಾಗಿ ಬಂದದ್ದನ್ನು ಎಸೆಯಬೇಕು.
ದೋಣಿಯ ಮನೆಯಲ್ಲಿ ಹುಟ್ಟಿದವಳು ನಾನು,
ಇದನ್ನು ಒಪ್ಪಲು ವರ್ಷವೇ ಹಿಡಿಯಿತು.

ಎರಡು ಐವತ್ತಕ್ಕೆ ಗೆರೆ ಬಾಗಿತು.
ಎಳೆ ನೆಟ್ಟಗಾಗುತ್ತ, ಬಿಗಿಯಾಗುತ್ತ, ಇನ್ನೂ
ಬಿಗಿಯಾಗುತ್ತ
ಟಕ್.
ಯಂತ್ರದಲ್ಲಿ ಸದ್ದಿಲ್ಲ. ಟಕ್ ಎಂದದ್ದು ನನ್ನ ನಾಲಗೆ.
ಒಂದು ಸೊಳ್ಳೆಯ ಭಾರವನ್ನು ಎರಡು ಲಕ್ಷ ಪಾಲು ಮಾಡಿ
ಅದರಲ್ಲೊಂದು ಪಾಲು ತೆಗೆದುಕೋ:
ಇಷ್ಟರಿಂದ ಅದು ಹಿಡಿದುಕೊಂಡಿತ್ತು.

ಅದೇ ಹಿಡಿತವನ್ನು ರಭಸದಿಂದ ಎಳೆದರೆ
ಹೆಚ್ಚು ಬಲಕ್ಕೆ ಬಿಡುತ್ತದೆ, ಮೆಲ್ಲಗೆಳೆದರೆ ಕಡಿಮೆಗೆ.
ಎಳೆಯದೆ ಸುಮ್ಮನೆ ಕಾದರೂ
ಯಾವುದೋ ಗಳಿಗೆಯಲ್ಲಿ ತಾನೇ ಬಿಡುತ್ತದಂತೆ.
ಗಂಟಿಗೆ ಇಷ್ಟೇ ಎಂಬ ಬಲವಿಲ್ಲ,
ಎಳೆದ ಕೈಯೂ ಉತ್ತರದೊಳಗೆ ಸೇರಿದೆ.

ಇದನ್ನು ಮಾಮನಿಗೆ ಹೇಳಿದೆ, ಒಂದು ಆಸೆಯಿಂದ.
ಹದಿನೆಂಟರಲ್ಲೇ ದೇವಗಡದ ಬಂಡೆಗಳಿಗೆ ಮುಳುಗಿ
ಬುಟ್ಟಿಗಟ್ಟಲೆ ನೀಲಿಕಲ್ಲು ಕಿತ್ತವನು;
ಹೌದು ಮಗಾ, ಮೆಲ್ಲಗೆ ಎಳೆದರೆ ಬರುತ್ತದೆ ಎಂದಾನು,
ಕೈಗೆ ಗೊತ್ತಿತ್ತು ಎಂದಾನು.
ಬೀಡಿ ಆರಿಸಿ, ಯೋಚಿಸಿ, ಮಾಮ ಹೇಳಿದ:
"ನಮ್ಮ ಹತ್ರ ಉಳಿ ಇತ್ತಲ್ಲ."

ನಾಲ್ಕೂವರೆ. ಕಿಟಕಿಯಾಚೆ ಕಾಳಿಯ ಮುಖದಲ್ಲಿ
ಮೊದಲ ದೋಣಿಯ ಇಂಜಿನು ಕೆಮ್ಮಿತು;
ಆ ಕೆಮ್ಮೂ ಗೆರೆಯ ಮೇಲೆ ನಡುಕವಾಗಿ ಬಂತು.
ಎತ್ತಿದ್ದು ನಾನೂರು, ಹಿಡಿದದ್ದು ಮೂವತ್ತೊಂದು.
ಸೂಜಿ ಮೊಂಡಾಗುವ ಮುನ್ನ ಒಂದು ಕೆಲಸ ಬಾಕಿ:
ನೀರಿನಿಂದ ಕಬ್ಬಿಣವನ್ನು ಕಸಿದುಕೊಂಡು
ಮತ್ತೆ ಇಳಿಸುವುದು.
ಈಗಲೂ ಕಚ್ಚಿದರೆ ಮೂವತ್ತೊಂದೂ ಸುಳ್ಳು.

ಇಳಿಸಿದೆ. ಚಪ್ಪಟೆ.
ಚಪ್ಪಟೆ. ಚಪ್ಪಟೆ. ನೂರು ಸಲ
ಚಪ್ಪಟೆ.
ಇಷ್ಟು ಖುಷಿಯ ಖಾಲಿ ಬಲೆಯನ್ನು
ನಮ್ಮ ಮನೆಯಲ್ಲಿ ಯಾರೂ ಎಳೆದಿರಲಿಲ್ಲ.