ನೂರು ಕಿಲೋಮೀಟರ್ ಓಡಿದ ಮೇಲೆ

ಜೆ.ಸಿ. ರಸ್ತೆಯಲ್ಲಿ ಕ್ಲಾಂಪು ಕೇಳಿದರೆ
ಮೊದಲು ನನ್ನ ಮುಖ ನೋಡುತ್ತಾರೆ,
ಆಮೇಲೆ ನನ್ನ ಬೆನ್ನ ಹಿಂದೆ
ಗಂಡಸು ಯಾರಾದರೂ ಬರುತ್ತಿದ್ದಾರಾ ಎಂದು.
"ಯಾವ ಗಾಡಿ ಮೇಡಂ?"
"ಮೋರಿಸ್ ಮೈನರ್. ಐವತ್ತಾರರದ್ದು."
ಆಗ ಸ್ಟೂಲಿನಿಂದ ಇಳಿಯುತ್ತಾನೆ.

ಪಟ್ಟಿ ಕ್ಲಾಂಪು ಮೂರು, ಸೈಲೆನ್ಸರ್ ಪೇಸ್ಟು ಒಂದು ಡಬ್ಬಿ.

ವಿಲ್ಸನ್ ಗಾರ್ಡನ್ನಿನ ಅಡ್ಡರಸ್ತೆಯೊಂದರ ಕೊನೆಗೆ
ಅರುಳಪ್ಪನ ಶೆಡ್ಡು.
ನಲವತ್ತು ವರ್ಷ ಸೈಲೆನ್ಸರ್ ಬಿಚ್ಚಿ
ಎಡಗಿವಿಯನ್ನು ಅವಕ್ಕೇ ಕೊಟ್ಟವನು.
ಸದ್ದು ಕೇಳಿ ಸೋರಿಕೆ ಹಿಡಿಯುವವನಲ್ಲ.
ಗಾಡಿ ತಣ್ಣಗಿದ್ದಾಗಲೇ ಸ್ಟಾರ್ಟು ಮಾಡಿಸಿ,
ಹಿಂದಿನ ಕೊಳವೆಗೆ ಹುಡುಗನಿಂದ ಒದ್ದೆ ಬಟ್ಟೆ ಒತ್ತಿಸಿ,
ಒಂದು ಊದುಬತ್ತಿ ಹಚ್ಚಿಕೊಂಡು
ಅಂಗಾತ ಒಳಗೆ ಜಾರಿದ.
ಶಿವಸ್ವಾಮಿಯ ಹಳೆ ಪ್ಯಾಂಟು ತೊಟ್ಟು
ನಾನೂ ಜಾರಿದೆ, ಪಕ್ಕಕ್ಕೆ.

ಮೊದಲ ಕೀಲು. ಹೊಗೆ ನೆಟ್ಟಗೆ ಎದ್ದಿತು.
ಎರಡನೆಯದು, ಎಡಗಡೆ ಸೀಟಿನ ಅಡಿಗೆ ಸರಿಯಾಗಿ:
ಹೊಗೆ ಬೆಚ್ಚಿ ಪಕ್ಕಕ್ಕೆ ಹಾರಿತು,
ಯಾರೋ ಉಫ್ ಎಂದ ಹಾಗೆ. ಉಫ್. ಉಫ್. ಉಫ್.
ಅದರ ಮೇಲೆ, ನೆಲದ ತಗಡಿನಲ್ಲಿ,
ಕಡಲೆಬೇಳೆಯಷ್ಟು ಬೆಳಕು.

"ಈ ಕಡೆ ಯಾರು ಕೂರೋದು?"
"ನಮ್ಮ ಮನೆಯವರು."
"ತಲೆನೋವು ಬರುತ್ತಾ ಅವರಿಗೆ?"

ಮೂರು ವರ್ಷ.
ಭಾನುವಾರ ಭಾನುವಾರ ಅರಕೆರೆಯ ನಾದಿನಿ ಮನೆಗೆ.
ಡೇರಿ ಸರ್ಕಲ್ ದಾಟುವಷ್ಟರಲ್ಲಿ ಅವರ ಹಣೆ ಗಂಟು,
ಆಮೇಲೆ ಒಂದು ಮಾತು, ಅದಕ್ಕೆ ನನ್ನದೆರಡು,
ಆಮೇಲೆ ಗಾಜಿಗೆ ತಲೆ ಆನಿಸಿ ನಿದ್ದೆ.
"ನಿನ್ನ ಜೊತೆ ಹೊರಟರೆ ತಲೆ ಸಿಡಿಯುತ್ತೆ" ಎಂದದ್ದನ್ನು
ಮನಸ್ಸಿನಲ್ಲಿ ಗಂಟು ಕಟ್ಟಿಟ್ಟುಕೊಂಡಿದ್ದೆ.
ಧೂಳು ಬರುತ್ತೆ, ಗಾಜು ಏರಿಸಿ
ಎಂದವಳು ನಾನೇ.

ಹಳೆ ಕ್ಲಾಂಪು ಯಾರೋ ಹಟಕ್ಕೆ ಬಿಗಿದದ್ದು.
ಕೊಳವೆಯ ಕತ್ತು ಹಿಸುಕಿ
ಬಿಗಿದ ಜಾಗದ ಪಕ್ಕದಲ್ಲೇ ಸಂದು ಬಿಟ್ಟಿತ್ತು.
"ಹಿಸುಕಿದರೆ ಮುಚ್ಚೋಲ್ಲ ಮೇಡಂ,"
ಅರುಳಪ್ಪ ಹ್ಯಾಕ್ಸಾ ಆಡಿಸುತ್ತ ಅಂದ,
"ಸುತ್ತ ಒಂದೇ ಸಮ ತಬ್ಬಬೇಕು.
ನಾಳೆ ಬಿಚ್ಚೋಕೂ ಬರಬೇಕಲ್ಲ."

ತುಕ್ಕು ತಿಂದ ತುದಿ ಕತ್ತರಿಸಿ, ಹೊಸ ತುಂಡು ಕೂಡಿಸಿ,
ಉಪ್ಪುಕಾಗದದಲ್ಲಿ ಬೆಳ್ಳಗಾಗುವವರೆಗೆ ತಿಕ್ಕಿಸಿದ, ನನ್ನಿಂದಲೇ.
ಪೇಸ್ಟು, ಮುದ್ದೆಕೋಲಿಗೆ ಹಿಟ್ಟು ಹಿಡಿಯುವ ಹದ.
ಒಂದರೊಳಗೆ ಒಂದು, ಎರಡು ಬೆರಳು ಆಳ.
ಮೂರೂ ಕ್ಲಾಂಪು ಮೊದಲು ಸಡಿಲವಾಗಿ;
ಕೊಳವೆ ತನ್ನ ಭಾರಕ್ಕೆ ತಾನೇ ತೂಗಿ
ತನ್ನ ಜಾಗ ಹುಡುಕಿಕೊಳ್ಳಲಿ ಅಂತ.
ಆಮೇಲೆ ಮುಂದಿನಿಂದ ಹಿಂದಕ್ಕೆ,
ಅರ್ಧ ಸುತ್ತು ಇದಕ್ಕೆ, ಅರ್ಧ ಅದಕ್ಕೆ.
ನೆಲದ ತೂತಿಗೂ ಒಂದು ತೇಪೆ.

ಸ್ಟಾರ್ಟು ಮಾಡಿದೆ.
ಅರುಳಪ್ಪ ಒದ್ದೆ ಅಂಗೈ ಕೀಲಿನ ಹತ್ತಿರ ಹಿಡಿದ,
ಒಂದು ನಿಮಿಷ. ತಂಪು ತಾಗಲಿಲ್ಲ.
ತಲೆ ಆಡಿಸಿದ. ಸದ್ದಡಗಿದ್ದು
ಅವನಿಗೆ ಕೇಳಿಸಿರಲಾರದು,
ನನಗೆ ಕೇಳಿಸಿತು.

ಭಾನುವಾರ ಶಿವಸ್ವಾಮಿ ಅನುಮಾನದಿಂದಲೇ ಹತ್ತಿದರು,
ಗಾಜು ಪೂರ್ತಿ ಇಳಿಸಿಕೊಂಡು.
ಸಿಗ್ನಲ್ಲಿನಲ್ಲಿ ಏನೋ ಅಂದರು.
"ಏನೂ?" ಎಂದೆ, ಎಂದಿನ ಗಂಟಲಲ್ಲಿ.
"ಕಿರುಚಬೇಡ. ಕೇಳಿಸುತ್ತೆ."
ಆಮೇಲೆ ಎರಡು ಸಿಗ್ನಲ್ ದಾಟುವವರೆಗೆ
ಇಬ್ಬರಿಗೂ ಆಡಲು ಮಾತು ಸಿಗಲಿಲ್ಲ.
ಡೇರಿ ಸರ್ಕಲ್ ಬಂತು, ಹೋಯಿತು.
ಹಣೆ ಮುಟ್ಟಿ ನೋಡಿಕೊಂಡರು, ಅಭ್ಯಾಸಕ್ಕೆ.

ಅರುಳಪ್ಪ ಹೇಳಿದ್ದನ್ನು ಹೇಳಿದೆ:
ಕಾದು, ತಣಿದು, ಕಾದು, ನಟ್ಟು ಸಡಿಲಾಗಿರುತ್ತದಂತೆ,
ನೂರು ಕಿಲೋಮೀಟರ್ ಓಡಿದ ಮೇಲೆ
ಇನ್ನೊಂದು ಅರ್ಧ ಸುತ್ತು ಬಿಗಿಯಬೇಕಂತೆ.

ಬೆರಳಲ್ಲಿ ಏನೋ ಎಣಿಸಿದರು.
"ಮಾಗಡಿಗೆ ಹೋಗಿಬಂದರೆ ಎಷ್ಟಾಗುತ್ತೆ?"
ಅಂದರು, ಗಾಜು ಏರಿಸದೆ.