ಮುಕ್ಕಾದ ಕೊಡಲಿ

ಇಲ್ಲಿ ದಾರಿಯೇ ಇಲ್ಲವಲ್ಲ ಎಂದೆ.
ಫಿಂಟನ್ ಡೂಲಿ ತಿರುಗಿ ನೋಡಲಿಲ್ಲ:
'ಇದೆ. ಮೊಣಕಾಲುದ್ದ ಕೆಳಗೆ.
ನೀನು ಅದರ ಸೂರಿನ ಮೇಲೆ ನಡೀತಿದ್ದೀಯ.'

ಐರ್ಲೆಂಡಿನ ನಡುನಾಡು. ನವೆಂಬರು.
ಜೌಗು ನಮ್ಮ ಬೂಟು ಹಿಡಿದುಕೊಂಡು
ಒಂದು ಗಳಿಗೆ ಯೋಚಿಸಿ, ಒಲ್ಲದ ಮನಸ್ಸಿನಿಂದ ಬಿಡುತ್ತದೆ.
ಉರುವಲಿಗೆಂದು ಕೆರೆದು ಕೆರೆದು ಕಪ್ಪಾದ ಬಯಲು.
ಮೂವತ್ತೊಂದು ವರ್ಷ ಅವನು ಓಡಿಸಿದ ಯಂತ್ರ
ಬೇಲಿಯ ಬಳಿ, ತುಕ್ಕಿಗೆ ಊಟವಾಗಿ.

ಕಾಲುವೆಯ ಅಂಚಿಗೆ ಮಂಡಿಯೂರಿದ.
ಸೀಳಿದ ಮಣ್ಣಿನ ಗೋಡೆಯಲ್ಲಿ, ಒಸಡಿನಲ್ಲಿ ಹಲ್ಲಿನಂತೆ,
ಓಕ್ ಹಲಗೆಯ ತುದಿ. ಪಕ್ಕದಲ್ಲಿ ಇನ್ನೊಂದು. ಮಗದೊಂದು.
ಎರಡು ಸಾವಿರ ವರ್ಷದ ಮರ,
ಮುಟ್ಟಿದರೆ ನೆನೆದ ಸಾಬೂನು.

'ಒಂದೇ ಚಳಿಗಾಲದಲ್ಲಿ ಕಡಿದದ್ದಂತೆ ಎಲ್ಲ,
ಮರದ ಉಂಗುರ ಎಣಿಸುವ ಹುಡುಗಿ ಹೇಳಿದಳು.
ಮುನ್ನೂರು ಓಕ್. ಊರಿಗೆ ಊರೇ ಬಂದಿರಬೇಕು.
ಬಾಳಿದ್ದು ಹತ್ತು ವರ್ಷ. ತನ್ನ ಭಾರಕ್ಕೆ ತಾನೇ ಮುಳುಗಿತು.'
ಯಾರಿಗಾಗಿ ಹಾಸಿದರು? ದಿಬ್ಬಣಕ್ಕೋ, ದನಕ್ಕೋ,
ಯಾವನೋ ಒಡೆಯನ ಬಂಡಿ ಒಮ್ಮೆ ಹಾಯಲೆಂದೋ?
'ಚಕ್ರದ ಗುರುತು ಒಂದೂ ಇಲ್ಲ' ಎಂದ.

ಆಮೇಲೆ ಒಂದು ಗೂಟ ತೋರಿಸಿದ.
ಮೊನೆ ಚೂಪು ಮಾಡಿದ ಏಟುಗಳು; ಪ್ರತಿ ಏಟಿನಲ್ಲೂ
ಕೂದಲೆಳೆಯಷ್ಟು ಒಂದು ಏಣು.
ಕೊಡಲಿಯ ಬಾಯಿ ಅಲ್ಲಿ ಮುಕ್ಕಾಗಿತ್ತು.
ಮಸೆಯಲು ಬಿಡುವಿರಲಿಲ್ಲ, ಇಲ್ಲವೇ ಮೈಗಳ್ಳ.
ಇದೇ ಏಣು ಮುಂದೆ ನಲವತ್ತು ಗೂಟಗಳಲ್ಲಿದೆ,
ಅಲ್ಲಿಂದಾಚೆ ಇಲ್ಲ.
ಮಸೆದನೋ, ಸತ್ತನೋ,
ಜಗಳವಾಡಿ ಮನೆಗೆ ಹೋದನೋ.

ಬೆರಳಿಟ್ಟೆ.
'ಒತ್ತಬೇಡ' ಎಂದ.

ಹನಿ ಶುರುವಾಯಿತು. ಫ್ಲಾಸ್ಕಿನ ಚಹಾ ಮುಚ್ಚಳಕ್ಕೆ ಬಗ್ಗಿಸುತ್ತ
ಅವನು ಹೇಳಿದ್ದು ನನಗಲ್ಲ, ಕಾಲುವೆಗೆ:
'ನಾನು ಚಿಕ್ಕವನಿದ್ದಾಗ ಅಪ್ಪನ ಸಲಿಕೆಗೆ ಇಂಥವು ಸಿಗುತ್ತಿದ್ದವು.
ಕತ್ತೆಗಾಡಿಗೆ ಹೇರಿ ತರುತ್ತಿದ್ದೆವು. ಒಣಗಿಸಿ ಒಲೆಗೆ.
ಸರಿಯಾಗಿ ಉರಿಯುತ್ತಿರಲಿಲ್ಲ, ಬರೀ ಸಿಡಿತ.
ಅಮ್ಮ ಬೈದುಕೊಂಡೇ ಅದರ ಮೇಲೆ ಸೋಡಾ ರೊಟ್ಟಿ ಬೇಯಿಸಿದಳು.
ಎಷ್ಟು ಗಜ ದಾರಿ ತಿಂದೆವೋ ನಾವು.'

ಹಿಂದಿರುಗುವಾಗ ಅವನ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟೆ.
ಅಲ್ಲಿ ಮಾತ್ರ ನೆಲ ಗಟ್ಟಿ.
ಎಡಗಾಲು ತುಸು ಎಳೆಯುತ್ತಾನೆ;
ಪ್ರತಿ ಎಡ ಹೆಜ್ಜೆಯ ಹಿಂದೆ ಸಣ್ಣದೊಂದು ಗೀರು.
ನೀರು ಬಂದು ತುಂಬಿಕೊಳ್ಳುವ ಮೊದಲು
ಎಣಿಸುತ್ತ ಹೋದೆ,
ಮೂವತ್ತೇಳು, ಮೂವತ್ತೆಂಟು.