ನಿದ್ದಿ ಬಾರದ ಗಿಡ

ಮುಂಢ್ವಾದ ನರ್ಸರಿಯೊಳಗ
ಹನ್ನೊಂದು ವರ್ಷದ ಅಕ್ರೋಟಿನ ಗಿಡ.
ಕುಡಿ ಸೋಪೋರಿನದು,
ಕಸಿ ಕಟ್ಟಿದಾವ ದಗಡೂ ಭುಜಬಳ.
ಎಲಿ ತಿಕ್ಕಿದರ ಬೂಟ್‌ಪಾಲಿಶಿನಂಥ ವಾಸನಿ,
ಕಾಯಿ ಮಾತ್ರ ಒಂದೂ ಇಲ್ಲ.

“ಸಾವಿರ ತಾಸು ಥಂಡ್ಯಾಗ ಮಲಗಿದರ
ಹೂ ಬಿಡ್ತದ ಇದು.
ಪುಣ್ಯಾದ ಚಳಿ ಅಂದ್ರ ಬರೇ ಆಕಳಿಕಿ.”

ಅದರ ಬುಡಕ್ಕ ಕುರ್ಚಿ ಹಾಕ್ಕೊಂಡು
ನಾ, ಮಲಕಪ್ಪ, ರಾತ್ರಿಪಾಳಿ ವಾಚ್‌ಮನ್.
ಒಂದು ಜನವರಿ, ಯಾರಿಗೂ ಹೇಳದ,
ಎರಡು ಲಾದಿ ಬರಫ ತಂದು ಬೇರಿಗಿಟ್ಟೆ.
ಬೆಳಗಾಗೂದ್ರಾಗ ಕಾಗಿ ನೀರು ಕುಡೀತಿದ್ದವು.
ದಗಡೂ ನಕ್ಕ:
“ಚಳಿ ಬೇರಿಗಲ್ಲೋ, ಮೊಗ್ಗಿಗೆ ಬೇಕು.”

ಪ್ರತಿ ಶಿಮಗಾಕ್ಕ ಮಾಲಕ ಅಂತಾನ,
ಕಡದು ಹಾಕ್ರಿ.
ನಾವಿಬ್ರೂ ಕೊಡ್ಲಿ ಹುಡುಕತೇವಿ.
ಸಿಗೂದಿಲ್ಲ.